ಬಾಸ್ ಮೀನಿಗೆ ಫಿನೆಸ್ ಲ್ಯೂರ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಚಿಕ್ಕಂದಿನಿಂದ ಕೊಂಡಜ್ಜಿ ಕೆರೆಯಲ್ಲಿ, ಹರಿಹರದ ಹೊಳೆಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿದವನು. ಮಾರ್ಚ್ ಕೊನೆಗೆ ಆರು ತಿಂಗಳ ಮಟ್ಟಿಗೆ ಅಮೆರಿಕದ ಡಲ್ಲಾಸ್ ಹತ್ತಿರ ಮಗಳ ಮನೆಗೆ ಹೋಗುತ್ತಿದ್ದೇನೆ. ಮನೆ ಪಕ್ಕದಲ್ಲೇ ಒಂದು ಕೊಳ ಇದೆ, ಅದರಲ್ಲಿ ಬಾಸ್ ಮೀನು ಇದೆ ಅಂತಾರೆ ಅಳಿಯಂದಿರು. ರಾಡು, ರೀಲು ಎಲ್ಲ ತಂದಿದ್ದಾರೆ. ದೊಡ್ಡ ದೊಡ್ಡ ಲ್ಯೂರ್, ಅಂದರೆ ಕೃತಕ ಎರೆ, ಎಸೆದರೂ ಏನೂ ಕಚ್ಚುತ್ತಿಲ್ಲವಂತೆ. ಯಾರೋ ‘ಫಿನೆಸ್ ಮಾಡಿ’ ಅಂದರಂತೆ. ಏನದು? ಯಾವ ಲ್ಯೂರ್‌ನಿಂದ ಶುರು ಮಾಡಲಿ? ವಾಪಸ್ ಬಂದಮೇಲೆ ಅದೇ ಸಾಮಾನು ನಮ್ಮ ಸೂಳೆಕೆರೆಯಲ್ಲಿ ಉಪಯೋಗಕ್ಕೆ ಬರುತ್ತದಾ?

ಉತ್ತರ: ಮೇಷ್ಟ್ರೇ, ಕೊಂಡಜ್ಜಿ ಏರಿ ಮೇಲೆ ಕೂತು ಗಂಟೆಗಟ್ಟಲೆ ಬೆಂಡು ನೋಡಿದವರಿಗೆ ಫಿನೆಸ್ ಬೇಗ ಒಗ್ಗುತ್ತದೆ. ಇದರಲ್ಲಿ ಬೇಕಾಗಿರುವುದು ತೋಳಿನ ಬಲ ಅಲ್ಲ. ಸಣ್ಣ ಲ್ಯೂರ್, ತೆಳು ದಾರ, ಹಗುರ ಸೀಸ, ಜೊತೆಗೆ ತಾಳ್ಮೆ. ನಾನು ಟೆಕ್ಸಾಸ್‌ನಲ್ಲಿ ಕೆಲಸಕ್ಕಿದ್ದಾಗ ಇಂಥದೇ ಊರೊಳಗಿನ ಕೊಳಗಳಲ್ಲಿ ಕಲಿತವನು. ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ: ಹೊಸಬರು ಲ್ಯೂರ್‌ನ ಜಾಸ್ತಿ ಆಡಿಸಿ ಮೀನು ಕಳೆದುಕೊಳ್ಳುತ್ತಾರೆ. ಅದನ್ನು ಸುಮ್ನೆ ಬಿಡುವುದು ಕಲಿಯಿರಿ. ಉಳಿದದ್ದು ತಾನಾಗೇ ಬರುತ್ತದೆ.

ಮೊದಲು ಈ ಮೀನಿನ ಸ್ವಭಾವ ತಿಳಿದುಕೊಳ್ಳಿ. ನಿಮ್ಮ ಕೊಳದಲ್ಲಿರುವುದು ಹೆಚ್ಚಾಗಿ ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್. ಇದು ಹೊಂಚು ಹಾಕುವ ಮೀನು. ಜೊಂಡಿನ ಪಕ್ಕ, ಬಿದ್ದ ಮರದ ಕೆಳಗೆ, ಸೇತುವೆ ನೆರಳಲ್ಲಿ ನಿಂತಿರುತ್ತದೆ. ಎದುರಿಗೆ ಬಂದದ್ದನ್ನು ಕಚ್ಚಿ ಹರಿಯುವುದಿಲ್ಲ. ಬಾಯಿ ಅಗಲಿಸಿ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಹಿಡಿಸದಿದ್ದರೆ ಅಷ್ಟೇ ಬೇಗ ಉಗುಳುತ್ತದೆ. ಹಸಿವು ಜೋರಾಗಿದ್ದಾಗ, ಮೋಡ ಮುಚ್ಚಿ ಗಾಳಿ ಬೀಸುವಾಗ ದೊಡ್ಡ ಲ್ಯೂರ್‌ಗೂ ನುಗ್ಗುತ್ತದೆ. ಆದರೆ ಊರೊಳಗಿನ ಕೊಳದಲ್ಲಿ ಪ್ರತಿ ವಾರ ಹತ್ತಾರು ಜನ ಅದೇ ಥರದ ಗಿರಗಿರ ತಿರುಗುವ, ಟಕಟಕ ಸದ್ದು ಮಾಡುವ ಲ್ಯೂರ್ ಎಸೆಯುತ್ತಾರೆ. ಮೀನಿಗೆ ಅದು ಅಭ್ಯಾಸವಾಗಿ ಹೋಗುತ್ತದೆ. ಹತ್ತಿರ ಬಂದು ನೋಡುತ್ತದೆ, ಹಿಂದೆ ಸರಿಯುತ್ತದೆ. ಚಳಿಗಾಳಿ ಬೀಸಿ ಆಕಾಶ ನಿಚ್ಚಳವಾದ ಮರುದಿನ, ಮೊಟ್ಟೆ ಇಟ್ಟು ಸುಸ್ತಾದ ಸಮಯ, ನೀರು ತುಂಬಾ ತಿಳಿಯಾಗಿರುವಾಗ, ಇಂಥ ಹೊತ್ತಲ್ಲೂ ಹಾಗೇ. ಆಗ ಶ್ರಮವಿಲ್ಲದೆ ಸಿಗುವ ಸಣ್ಣ ತುತ್ತೊಂದು ಮೂಗಿನ ಮುಂದೆ ನಿಧಾನಕ್ಕೆ ಇಳಿದರೆ ಬಾಯಿ ತೆರೆಯುತ್ತದೆ. ಅಳಿಯಂದಿರ ಲ್ಯೂರ್‌ಗೆ ಏನೂ ಕಚ್ಚದೆ ಇರುವುದಕ್ಕೆ ಇದೇ ಕಾರಣ ಇರಬೇಕು.

ಈ ವಿದ್ಯೆಗೆ ಎರಡು ತವರು. ಒಂದು ಅಮೆರಿಕ. ಟೆನೆಸ್ಸಿಯ ಚಾರ್ಲಿ ಬ್ರೂವರ್ 1970ರ ದಶಕದಲ್ಲೇ ಸಣ್ಣ ಪ್ಲಾಸ್ಟಿಕ್ ಹುಳವನ್ನು ಏನೂ ಆಡಿಸದೆ ನಿಧಾನಕ್ಕೆ ಎಳೆಯುವ ಪದ್ಧತಿಗೆ ಹೆಸರಾದವರು. ಇನ್ನೊಂದು ಜಪಾನ್. ಅಲ್ಲಿ ಕೆರೆಗಳು ಸಣ್ಣವು, ಗಾಳ ಹಾಕುವವರು ಬಹಳ. ಹಾಗಾಗಿ ತೆಳು ದಾರದ ನಾಜೂಕು ವಿಧಾನಗಳು ಅಲ್ಲಿ ಬೆಳೆದವು. ಜಪಾನಿನವರಿಗೆ ಈ ಮೀನಿನ ಮೇಲೆ ಎಂಥ ಪ್ರೀತಿ ಅಂದರೆ, 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕ ಹತ್ತು ಕಿಲೋ ಮೀರಿದ ಬಾಸ್‌ನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದು ಜಪಾನಿನ ಬಿವಾ ಸರೋವರದ ಮೀನು. ಅದು ಸಿಕ್ಕಿದ್ದು ಜೀವಂತ ಮೀನಿನ ಎರೆಗೆ, ಫಿನೆಸ್ ಲ್ಯೂರ್‌ಗಲ್ಲ.

ಈಗ ಸಾಮಾನು. ಅಳಿಯಂದಿರು ತಂದಿರುವ ರಾಡನ್ನು ಒಮ್ಮೆ ನೋಡಿ. ರೀಲು ರಾಡಿನ ಮೇಲ್ಗಡೆ ಕೂತಿದ್ದರೆ, ದಾರ ದಪ್ಪ ಇದ್ದರೆ, ಅದರಲ್ಲಿ ಮೂರು ಗ್ರಾಂ ಲ್ಯೂರ್ ದೂರ ಹೋಗುವುದಿಲ್ಲ. ನಿಮಗೆ ಬೇಕಾದ್ದು ರಾಡಿನ ಕೆಳಗೆ ಕೂರುವ ಸ್ಪಿನ್ನಿಂಗ್ ರೀಲು, 2500 ಸೈಜಿನದು. ರಾಡು ಏಳು ಅಡಿ, ಮೀಡಿಯಂ ಲೈಟ್, ತುದಿ ಮೆತ್ತಗಿರಲಿ. ರೀಲಿಗೆ ಹತ್ತು ಪೌಂಡಿನ (ಅಷ್ಟು ಎಳೆತ ತಡೆಯುವ) ಹೆಣೆದ ದಾರ, ಬ್ರೇಡ್ ಅಂತಾರೆ, ಅದನ್ನು ತುಂಬಿ. ಬಣ್ಣ ಎದ್ದು ಕಾಣುವ ಹಳದಿ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಬ್ರೇಡ್ ಹಿಗ್ಗುವುದಿಲ್ಲ, ತಳದ ಕಲ್ಲು ತಗುಲಿದರೂ ಕೈಗೆ ಗೊತ್ತಾಗುತ್ತದೆ. ಅದರ ತುದಿಗೆ ಒಂದೂವರೆ ಮಾರು ಉದ್ದ ಎಂಟು ಪೌಂಡಿನ ಫ್ಲೋರೋಕಾರ್ಬನ್ ದಾರ ಗಂಟು ಹಾಕಿ. ಇದು ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ, ಮುಳುಗುತ್ತದೆ ಕೂಡ. ಡಬಲ್ ಯೂನಿ ಅನ್ನುವ ಗಂಟು ಕಲಿತರೆ ಸಾಕು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಒಣಗಿದ್ದನ್ನೇ ಎಳೆದರೆ ಆ ದಾರ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಅಭ್ಯಾಸ ಮೊದಲ ದಿನದಿಂದಲೇ ಮಾಡಿಕೊಳ್ಳಿ: ಎಸೆದ ಮೇಲೆ ರೀಲಿನ ಬಾಗಿದ ತಂತಿ, ಬೇಲ್ ಅಂತಾರೆ, ಅದನ್ನು ಹಿಡಿಕೆ ತಿರುಗಿಸಿ ಮುಚ್ಚಬೇಡಿ, ಕೈಯಿಂದಲೇ ಮುಚ್ಚಿ. ದಾರ ಹುರಿ ಬೀಳುವುದು ಬಹಳ ಕಡಿಮೆಯಾಗುತ್ತದೆ.

ಯಾವ ಲ್ಯೂರ್ ಅಂದರೆ ನನ್ನ ಉತ್ತರ ಒಂದೇ: ವ್ಯಾಕಿ ರಿಗ್, ಅಂದರೆ ಹುಳದ ನಡುವಿಗೆ ಗಾಳ ಸಿಕ್ಕಿಸಿ ಕಟ್ಟುವ ರೀತಿ. ಉಳಿದದ್ದೆಲ್ಲ ಆಮೇಲೆ.

ಐದು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳ ಸಿಗುತ್ತದೆ. ಗ್ಯಾರಿ ಯಮಮೋಟೊ ಕಂಪನಿಯ ಸೆಂಕೋ ಇದರಲ್ಲಿ ಪ್ರಸಿದ್ಧ. ಬೇರೆ ಕಂಪನಿಗಳೂ ಅದೇ ಆಕಾರದಲ್ಲಿ ಮಾಡುತ್ತವೆ. ನೋಡಲು ಏನೇನೂ ಇಲ್ಲ. ಕಣ್ಣಿಲ್ಲ, ಬಾಲವಿಲ್ಲ, ಬರೀ ಒಂದು ಕಡ್ಡಿ. ಅಂಗಡಿಯಲ್ಲಿ ನೋಡಿದರೆ ‘ಇದಕ್ಕಾ ದುಡ್ಡು ಕೊಡೋದು?’ ಅನಿಸುತ್ತದೆ. ಗುಟ್ಟು ಇರುವುದು ಪ್ಲಾಸ್ಟಿಕ್ಕಿನೊಳಗೆ ಬೆರೆಸಿದ ಉಪ್ಪಿನಲ್ಲಿ. ಉಪ್ಪಿನಿಂದ ಹುಳಕ್ಕೆ ತೂಕ ಬರುತ್ತದೆ, ಸೀಸ ಬೇಕಾಗುವುದಿಲ್ಲ. ಗಾಳವನ್ನು ಹುಳದ ತಲೆಗೆ ಹಾಕದೆ ಸರಿಯಾಗಿ ನಡುವಿಗೆ ಸಿಕ್ಕಿಸಿದರೆ ನೀರಿನಲ್ಲಿ ಅಡ್ಡಡ್ಡವಾಗಿ ಇಳಿಯುತ್ತದೆ. ಇಳಿಯುವಾಗ ಎರಡೂ ತುದಿ ಸಣ್ಣಗೆ ನಡುಗುತ್ತವೆ. ಆ ನಡುಕವೇ ಬಾಸ್‌ನ ಬಾಯಿ ತೆರೆಸುವುದು. ನೀವು ಮಾಡಬೇಕಾದ್ದು ಏನೂ ಇಲ್ಲ, ಅದಕ್ಕೆ ಅಡ್ಡಿ ಬರದಿದ್ದರೆ ಸಾಕು.

ಗಾಳದ ಸೈಜು ಒಂದು ಅಥವಾ 1/0. ನೇರವಾಗಿ ಹುಳಕ್ಕೆ ಚುಚ್ಚಿದರೆ ಎರಡು ಮೀನಿಗೆ ಹರಿದು ಹೋಗುತ್ತದೆ. ಅದಕ್ಕೆ ಸಣ್ಣ ರಬ್ಬರ್ ರಿಂಗ್ ಬರುತ್ತದೆ. ಹುಳದ ನಡುವಿಗೆ ಅದನ್ನು ಏರಿಸಿ, ಗಾಳವನ್ನು ರಿಂಗ್ ಕೆಳಗೆ ತೂರಿಸಿ. ಬಣ್ಣದ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ನೀರು ತಿಳಿ ಇದ್ದರೆ ಗ್ರೀನ್ ಪಂಪ್ಕಿನ್ ಅನ್ನುವ ಪಾಚಿ ಬಣ್ಣ, ಕದಡಿದ್ದರೆ ಕಪ್ಪು ನೀಲಿ ಬೆರೆತದ್ದು. ಎರಡೇ ಪ್ಯಾಕೆಟ್ ತಗೊಳ್ಳಿ.

ಎಸೆಯುವ ಕ್ರಮ ಹೀಗೆ. ಜೊಂಡಿನ ಅಂಚು, ನೀರಿಗೆ ಬಾಗಿದ ಮರದ ನೆರಳು, ಸಣ್ಣ ಕಾಲುಸೇತುವೆಯ ಕಂಬ, ಚರಂಡಿ ನೀರು ಬಂದು ಬೀಳುವ ಕೊಳವೆಯ ಬಾಯಿ, ಇವೆಲ್ಲ ಒಳ್ಳೆ ಜಾಗ. ಮೀನು ಇರುವ ಜಾಗಕ್ಕಿಂತ ಸ್ವಲ್ಪ ಆಚೆ ಎಸೆಯಿರಿ. ಸದ್ದಾಗದ ಹಾಗೆ ಬೀಳಲಿ. ರಾಡಿನ ತುದಿ ಎತ್ತರದಲ್ಲಿರಲಿ. ದಾರವನ್ನು ಬಿಗಿ ಹಿಡಿದರೆ ಹುಳ ನಿಮ್ಮ ಕಡೆ ಜಾರುತ್ತಾ ಬರುತ್ತದೆ, ನಡುಕ ನಿಲ್ಲುತ್ತದೆ. ಪೂರಾ ಸಡಿಲ ಬಿಟ್ಟರೆ ಕಚ್ಚಿದ್ದು ಗೊತ್ತಾಗುವುದಿಲ್ಲ. ನೀರಿನ ಮೇಲೆ ದಾರ ಸ್ವಲ್ಪ ಬಳುಕಿರಬೇಕು, ಅಷ್ಟೇ. ತಳ ಮುಟ್ಟುವವರೆಗೆ ಕೈ ಅಲ್ಲಾಡಿಸಬೇಡಿ. ಆಮೇಲೆ ರಾಡನ್ನು ನಿಧಾನಕ್ಕೆ ಒಂದೆರಡು ಅಡಿ ಎತ್ತಿ, ಮತ್ತೆ ಇಳಿಯಲು ಬಿಡಿ. ಹೀಗೆ ಎರಡು ಮೂರು ಸಲ ಆಯ್ತೋ, ಸುತ್ತಿಕೊಂಡು ಪಕ್ಕದ ಜಾಗಕ್ಕೆ ಎಸೆಯಿರಿ. ಜಾಸ್ತಿ ಮೀನು ಕಚ್ಚುವುದು ಮೊದಲ ಇಳಿತದಲ್ಲೇ. ಖಾಲಿ ನೀರಿನ ನಡುವೆ ಎಳೆದುಕೊಂಡು ಬರುವುದರಲ್ಲಿ ಲಾಭವಿಲ್ಲ.

ಇಲ್ಲೇ ನಿಮ್ಮ ಹಳೇ ಅನುಭವ ಕೆಲಸಕ್ಕೆ ಬರುವುದು. ಬೆಂಡು ಇಲ್ಲ, ಆದರೆ ದಾರವೇ ನಿಮ್ಮ ಬೆಂಡು. ಹಳದಿ ಬಣ್ಣ ಹೇಳಿದ್ದು ಇದಕ್ಕೇ. ನೀರಿಗೆ ದಾರ ಇಳಿಯುವ ಜಾಗದ ಮೇಲೆ ಕಣ್ಣಿಡಿ. ಬಾಸ್ ಕಚ್ಚಿದಾಗ ರಾಡು ಬಗ್ಗುತ್ತದೆ ಅಂತ ಕಾಯಬೇಡಿ. ಕೆಲವೊಮ್ಮೆ ದಾರ ಪಟಕ್ಕನೆ ಒಂದು ಸಲ ಕುಣಿಯುತ್ತದೆ. ಕೆಲವೊಮ್ಮೆ ಸುಮ್ನೆ ಪಕ್ಕಕ್ಕೆ ಹರಿಯುತ್ತದೆ. ಅಲ್ಲಿ ಐದು ಅಡಿ ನೀರಿದೆ ಅಂತ ಗೊತ್ತಿದ್ದು, ಎರಡೇ ಅಡಿಗೆ ಇಳಿತ ನಿಂತುಬಿಟ್ಟರೆ ಅದೂ ಮೀನೇ. ನಿಮ್ಮ ಕಡೆಗೇ ಈಜಿ ಬಂದರೆ ದಾರ ಇದ್ದಕ್ಕಿದ್ದ ಹಾಗೆ ಸಡಿಲ ಬೀಳುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಸಂಶಯ ಬಂದರೆ ಎಳೆಯಿರಿ. ಅದಕ್ಕೆ ಖರ್ಚೇನೂ ಇಲ್ಲ ಅಲ್ವಾ?

ಎಳೆಯುವ ರೀತಿಯನ್ನು ಮಾತ್ರ ಬದಲಿಸಿಕೊಳ್ಳಬೇಕು. ಎರೆಹುಳದ ಗಾಳದಲ್ಲಿ ನಾವು ಮೀನು ನುಂಗಲಿ ಅಂತ ಕಾಯುತ್ತೇವೆ, ಆಮೇಲೆ ಜೋರಾಗಿ ಜಗ್ಗುತ್ತೇವೆ. ಇಲ್ಲಿ ಕಾದರೆ ಒಂದೋ ಉಗುಳುತ್ತದೆ, ಇಲ್ಲಾ ಗಾಳ ಗಂಟಲಿಗೆ ಇಳಿದು ಮೀನು ಸಾಯುತ್ತದೆ. ವ್ಯಾಕಿಯಲ್ಲಿ ನುಂಗುವುದು ಇನ್ನೂ ಬೇಗ. ಕಚ್ಚಿದ್ದು ಕಂಡ ತಕ್ಷಣ ರಾಡು ತಗ್ಗಿಸಿ, ಸಡಿಲ ದಾರ ಸುತ್ತಿಕೊಳ್ಳಿ. ತೂಕ ಸಿಕ್ಕಿದಾಗ ರಾಡನ್ನು ಪಕ್ಕಕ್ಕೆ ಒಂದೇ ಸಮ ಎಳೆದು ಸುತ್ತುತ್ತಾ ಇರಿ. ತೆಳು ತಂತಿಯ ಚೂಪು ಗಾಳ ಅಷ್ಟಕ್ಕೇ ನಾಟುತ್ತದೆ. ಝಾಡಿಸಿ ಜಗ್ಗಿದರೆ ಎಂಟು ಪೌಂಡಿನ ದಾರ ಕಡಿಯುತ್ತದೆ. ರೀಲಿನ ಡ್ರ್ಯಾಗ್, ಅಂದರೆ ದಾರವನ್ನು ತಡೆಹಿಡಿಯುವ ಬಿಗಿ, ಅದೂ ಸಡಿಲವೇ ಇರಲಿ, ಮೀನು ಎಳೆದಾಗ ದಾರ ಬಿಚ್ಚಿಕೊಂಡು ಹೋಗಬೇಕು.

ಎರಡನೆಯದು ನೆಡ್ ರಿಗ್. ಕನ್ಸಾಸ್ ರಾಜ್ಯದ ಹಿರಿಯ ಗಾಳಗಾರ, ಬರಹಗಾರ ನೆಡ್ ಕೆಹ್ಡಿ ಅವರ ಹೆಸರು ಇದಕ್ಕೆ. ಅಣಬೆ ಆಕಾರದ ಸೀಸದ ತಲೆ, ಎರಡರಿಂದ ಮೂರು ಗ್ರಾಂ. ಅದಕ್ಕೆ ಎರಡೂಮುಕ್ಕಾಲು ಇಂಚಿನ ಮೊಂಡು ಹುಳದ ತುಂಡು. ಜೆಡ್‌ಮ್ಯಾನ್ ಕಂಪನಿಯ ಹುಳಗಳು ಇಲಾಜ್‌ಟೆಕ್ ಅನ್ನುವ, ರಬ್ಬರಿನಂತೆ ಹಿಗ್ಗುವ ವಸ್ತುವಿನವು. ಅವು ನೀರಿನಲ್ಲಿ ತೇಲುತ್ತವೆ. ಹಾಗಾಗಿ ಸೀಸದ ತಲೆ ತಳದಲ್ಲಿ ಕೂತಾಗ ಬಾಲ ಮೇಲೆ ಎದ್ದು ನಿಂತು ಅಲ್ಲಾಡುತ್ತಾ ಇರುತ್ತದೆ. ತಳದಲ್ಲಿ ಕೆದಕುವ ಸಣ್ಣ ಸೀಗಡಿ, ಪುಟ್ಟ ಮೀನು ಇದ್ದಂಗೆ ಕಾಣುತ್ತದೆ. ಎಸೆಯಿರಿ, ತಳ ಮುಟ್ಟಲಿ, ಆಮೇಲೆ ಬಹಳ ನಿಧಾನಕ್ಕೆ ಸುತ್ತುತ್ತಾ ತಳಕ್ಕೆ ತಾಗಿಸಿಕೊಂಡು ಬನ್ನಿ, ಆಗಾಗ ನಿಲ್ಲಿಸಿ. ಕೊಳದ ತಳ ಗಟ್ಟಿ ಇದ್ದು, ಕಲ್ಲು ಕಟ್ಟಿದ ದಡ ಇದ್ದರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸಣ್ಣ ಬಾಸ್, ದೊಡ್ಡ ಬಾಸ್, ಬ್ಲೂಗಿಲ್ ಅನ್ನುವ ಪುಟ್ಟ ಮೀನು ಎಲ್ಲವೂ ಕಚ್ಚುತ್ತವೆ. ಮೊದಲ ಮೀನು ಬೇಗ ಸಿಗಬೇಕು, ಕೈಗೆ ಧೈರ್ಯ ಬರಬೇಕು ಅಂದರೆ ನೆಡ್. ಪಾಚಿ ದಟ್ಟ ಇದ್ದ ಕಡೆ ಮಾತ್ರ ಬೇಡ, ತೆರೆದ ಗಾಳ ಬರೀ ಪಾಚಿಯನ್ನೇ ತರುತ್ತದೆ. ಮತ್ತೆ ಈ ಹುಳಗಳನ್ನು ಸೆಂಕೋ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಎರಡೂ ಸೇರಿ ಕರಗಿ ಅಂಟಾಗುತ್ತವೆ.

ಮೂರನೆಯದು ಡ್ರಾಪ್ ಶಾಟ್. ಜಪಾನಿನಿಂದ ಬಂದು 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹರಡಿತು. ನಮ್ಮಲ್ಲಿ ಸೀಸ ಮೇಲೆ, ಗಾಳ ಕೆಳಗೆ. ಇದರಲ್ಲಿ ಉಲ್ಟಾ: ದಾರದ ತುದಿಯಲ್ಲಿ ಸೀಸ, ಅದಕ್ಕಿಂತ ಒಂದು ಅಡಿ ಮೇಲೆ ಗಾಳ. ಸೀಸ ತಳದಲ್ಲಿ ಕೂತರೂ ಹುಳ ನೀರಲ್ಲಿ ತೇಲಾಡುತ್ತದೆ, ಒಂದೇ ಜಾಗದಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಬಹುದು. ಆಳ ನೀರಿಗೆ, ದೋಣಿಯಿಂದ ನೇರ ಕೆಳಗೆ ಬಿಡುವವರಿಗೆ ಇದು ಅದ್ಭುತ. ದಡದಿಂದ, ಅದೂ ಆರು ಅಡಿಯ ಕೊಳದಲ್ಲಿ, ನನಗೆ ಇದರ ಅಗತ್ಯ ಅಷ್ಟಾಗಿ ಕಂಡಿಲ್ಲ. ಅಳಿಯಂದಿರು ದೊಡ್ಡ ಜಲಾಶಯಕ್ಕೆ ಕರೆದುಕೊಂಡು ಹೋದರೆ ಆಗ ಕಟ್ಟಿ ನೋಡಿ. ಶೇಕಿ ಹೆಡ್, ನೆಕೋ, ಟ್ಯೂಬ್ ಅಂತ ಇನ್ನೂ ಹತ್ತು ಹೆಸರು ಅಂಗಡಿಯಲ್ಲಿ ಕೇಳುತ್ತೀರಿ. ಎಲ್ಲವೂ ಮೀನು ಹಿಡಿಯುತ್ತವೆ. ಆದರೆ ಮೊದಲ ಎರಡು ತಿಂಗಳು ವ್ಯಾಕಿ, ನೆಡ್ ಬಿಟ್ಟು ಬೇರೆ ಮುಟ್ಟಬೇಡಿ ಅಂತಲೇ ನನ್ನ ಸಲಹೆ.

ನೀವು ಹೋಗುವ ಸಮಯ ಚೆನ್ನಾಗಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಆ ಕಡೆ ಬಾಸ್ ಮೊಟ್ಟೆ ಇಡಲು ದಡದ ಹತ್ತಿರ ಬರುತ್ತದೆ. ನೀರು 15-16 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಗಂಡು ಮೀನು ತಳದಲ್ಲಿ ಬಟ್ಟಲಿನ ಹಾಗೆ ಗುಳಿ ಮಾಡಿ, ಮೊಟ್ಟೆಗೂ ಮರಿಗೂ ಕಾವಲು ನಿಲ್ಲುತ್ತದೆ. ತಿಳಿನೀರಲ್ಲಿ ಅದು ಕಣ್ಣಿಗೇ ಕಾಣುತ್ತದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಅದು ಕಾವಲು ಬಿಟ್ಟು ಹೋದ ಕೆಲವೇ ಕ್ಷಣಕ್ಕೆ ಬ್ಲೂಗಿಲ್‌ಗಳು ಮೊಟ್ಟೆಗೆ ಮುತ್ತುತ್ತವೆ. ಮೇ ತಿಂಗಳಲ್ಲಿ ಸುಸ್ತಾದ ಮೀನು ನೆರಳಲ್ಲಿ ನಿಲ್ಲುತ್ತದೆ, ವ್ಯಾಕಿಗೆ ಅದು ಹೇಳಿ ಮಾಡಿಸಿದ ಕಾಲ. ಜುಲೈ, ಆಗಸ್ಟ್‌ನಲ್ಲಿ ಡಲ್ಲಾಸ್ ಬಿಸಿಲು ನಮ್ಮ ಚಳ್ಳಕೆರೆಯ ಏಪ್ರಿಲ್ ಬಿಸಿಲಿಗೆ ಕಡಿಮೆ ಇರುವುದಿಲ್ಲ. ಸೂರ್ಯ ಮೇಲೇರುವ ಮುಂಚೆ ಎರಡು ಗಂಟೆ ಹೋಗಿ ಬನ್ನಿ, ಸಾಕು. ಕೊಳದಲ್ಲಿ ಕಾರಂಜಿ ಇದ್ದರೆ ಅದರ ಸುತ್ತ ಎಸೆಯಿರಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಮೀನನ್ನು ಜಾಸ್ತಿ ಹೊತ್ತು ಆಡಿಸಬೇಡಿ, ಬೇಗ ತಂದು ಬೇಗ ಬಿಡಿ.

ಹಿಡಿಯುವುದು ಸುಲಭ. ಬಾಸ್‌ಗೆ ಕತ್ತರಿಸುವ ಹಲ್ಲಿಲ್ಲ, ತುಟಿಯ ಒಳಗೆ ಬರೀ ಒರಟು. ಹೆಬ್ಬೆರಳನ್ನು ಕೆಳತುಟಿಗೆ ಹಾಕಿ ಹಿಡಿದರೆ ಅದು ಸುಮ್ಮನಾಗುತ್ತದೆ. ಕಿಲೋ ದಾಟಿದ ಮೀನಾದರೆ ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಿ. ಕೈ ಒದ್ದೆ ಇರಲಿ, ಬಿಸಿ ಸಿಮೆಂಟಿನ ಮೇಲೆ ಇಡಬೇಡಿ.

ಲೈಸೆನ್ಸ್ ಮರೆಯಬೇಡಿ. ಟೆಕ್ಸಾಸ್‌ನಲ್ಲಿ 17 ವರ್ಷ ದಾಟಿದವರಿಗೆ ಬೇಕು, ಹೊರಗಿನಿಂದ ಬಂದವರಿಗೆ ಬೇರೆ ದರ್ಜೆ. ಆ ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆಯ ವೆಬ್‌ಸೈಟಿನಲ್ಲೇ ಕೊಳ್ಳಬಹುದು. ಸ್ಟೇಟ್ ಪಾರ್ಕ್‌ಗಳ ಒಳಗೆ ದಡದಿಂದ ಗಾಳ ಹಾಕಲು ಮಾತ್ರ ಲೈಸೆನ್ಸ್ ಬೇಡ, ಅಳಿಯಂದಿರಿಗೆ ಇದನ್ನು ತಿಳಿಸಿ. ಲಾರ್ಜ್‌ಮೌತ್ ಇಟ್ಟುಕೊಳ್ಳುವುದಕ್ಕೆ ಸಾಮಾನ್ಯ ನಿಯಮ ದಿನಕ್ಕೆ ಐದು ಮೀನು, ಉದ್ದ ಕನಿಷ್ಠ 14 ಇಂಚು. ಕೆಲವು ಕೆರೆಗಳಿಗೆ ಬೇರೆಯೇ ನಿಯಮ ಇರುತ್ತದೆ, ಅಲ್ಲಿನ ಬೋರ್ಡ್ ಓದಿ. ಮನೆ ಪಕ್ಕದ ಕೊಳ ಬಡಾವಣೆಯವರದ್ದಾಗಿದ್ದರೆ ಅವರ ಒಪ್ಪಿಗೆಯೂ ಬೇಕು.

ಇನ್ನು ಸೂಳೆಕೆರೆ. ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ, ಇರಲೂಬಾರದು. ಜಪಾನಿನಲ್ಲಿ ಅದು ಸ್ಥಳೀಯ ಮೀನುಗಳನ್ನು ತಿಂದು ಹಾಳು ಮಾಡಿದ್ದಕ್ಕೆ ಅಲ್ಲಿನ ಸರ್ಕಾರ ಹಾನಿಕಾರಕ ಹೊರಜೀವಿಗಳ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಹೊಂಚು ಹಾಕುವ ಕೆಲಸಕ್ಕೆ ಕೊರವ ಇದೆ, ಮುರ್ರೆಲ್ ಅಂತಲೂ ಕರೆಯುತ್ತೇವಲ್ಲ, ಅದೇ. ಹೊಳೆಯಲ್ಲಿ ಬಾಳೆ ಮೀನು ಇದೆ. ರೋಹು, ಕಾಟ್ಲಾಗೆ ಈ ಲ್ಯೂರ್ ಬೇಡ. ಅವು ಬೇಟೆಯಾಡುವ ಮೀನುಗಳಲ್ಲ, ನಿಮ್ಮ ಹಳೇ ಎರೆಯೇ ಸರಿ.

ಕೊರವಕ್ಕೆ ಫಿನೆಸ್ ಸಾಮಾನು ಅರ್ಧ ಮಾತ್ರ ಹೊಂದುತ್ತದೆ. ಅದು ಗಾಳಿ ಕುಡಿಯಲು ಆಗಾಗ ನೀರಿನ ಮೇಲೆ ಬರುವ ಮೀನು, ಹಾಗಾಗಿ ಎಲ್ಲಿದೆ ಅಂತ ತಾನೇ ತೋರಿಸಿಕೊಡುತ್ತದೆ. ತಾವರೆ ಎಲೆಗಳ ಸಂದಿಯಲ್ಲಿ ಅದು ಮೇಲೆ ಬಂದು ಇಳಿದ ಜಾಗದ ಪಕ್ಕಕ್ಕೆ ಸೀಸವಿಲ್ಲದ ಸೆಂಕೋವನ್ನು ಮೆಲ್ಲಗೆ ಇಳಿಬಿಡುವುದು ಒಳ್ಳೆ ಉಪಾಯ. ಆದರೆ ಗಾಳದ ಮೊನೆಯನ್ನು ಹುಳದೊಳಗೆ ಅಡಗಿಸಬೇಕು, ಇಲ್ಲದಿದ್ದರೆ ಜೊಂಡಿಗೇ ಸಿಕ್ಕಿಕೊಳ್ಳುತ್ತದೆ. ಎಂಟು ಪೌಂಡಿನ ದಾರ ಇಲ್ಲಿ ನಡೆಯುವುದಿಲ್ಲ. ಕೊರವಕ್ಕೆ ಹಲ್ಲಿದೆ, ಕಚ್ಚಿದ ತಕ್ಷಣ ಗಿಡದ ಬುಡಕ್ಕೆ ನುಗ್ಗುತ್ತದೆ. ಗಟ್ಟಿ ರಾಡು, ನಲವತ್ತು ಪೌಂಡಿನ ಬ್ರೇಡ್, ತುದಿಗೆ ಮೂವತ್ತು ಪೌಂಡಿನ ದಪ್ಪ ದಾರ ಬೇಕು. ಅಷ್ಟು ದಪ್ಪ ದಾರಕ್ಕೆ ರಬ್ಬರ್ ಕಪ್ಪೆಯೇ ಹೆಚ್ಚು ಸೂಕ್ತ. ನಿಮ್ಮ ತೆಳು ರಾಡು ಕೆಲಸಕ್ಕೆ ಬರುವುದು ಗಿಡಗಳಿಲ್ಲದ ತೆರೆದ ನೀರಿನಲ್ಲಿ, ಕೋಡಿಯ ಕೆಳಗೆ, ಕಾಲುವೆಯಲ್ಲಿ. ಅಲ್ಲಿ ಸಣ್ಣ ಸೀಸದ ತಲೆಗೆ ಬಾಲ ಅಲ್ಲಾಡಿಸುವ ಪುಟ್ಟ ಪ್ಲಾಸ್ಟಿಕ್ ಮೀನು ಕಟ್ಟಿ ನಿಧಾನಕ್ಕೆ ಎಳೆಯಿರಿ. ಹೆಬ್ಬೆರಳು ಬಾಯಿಗೆ ಹಾಕುವ ಬಾಸ್‌ನ ಅಭ್ಯಾಸ ಇಲ್ಲಿ ಬೇಡವೇ ಬೇಡ, ಇಕ್ಕಳ ಇಟ್ಟುಕೊಳ್ಳಿ.

ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅದು ಅವರ ಹೊಟ್ಟೆಪಾಡು. ಮುಂಚೆಯೇ ಮಾತಾಡಿ ಕೇಳಿಕೊಂಡು ಹೋಗಿ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಗುಂಪಾಗಿ ಮರಿಗಳು ಮಿಸುಕಾಡುತ್ತಿದ್ದರೆ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಅಲ್ಲಿಗೆ ಎಸೆಯಬೇಡಿ, ಆ ಜೋಡಿ ಹೋದರೆ ಇಡೀ ಮರಿಗುಂಪು ಹೋಗುತ್ತದೆ.

ಬರುವಾಗ ಪ್ಲಾಸ್ಟಿಕ್ ಹುಳ, ಸೀಸದ ತಲೆ, ಗಾಳ ಅಲ್ಲಿಂದಲೇ ತಗೊಂಡು ಬನ್ನಿ, ದಾವಣಗೆರೆಯಲ್ಲಿ ಹುಡುಕುವ ತೊಂದರೆ ತಪ್ಪುತ್ತದೆ. ಹುಳಗಳು ಅವುಗಳ ಪ್ಯಾಕೆಟ್ಟಿನಲ್ಲೇ ಇರಲಿ. ಗಾಳಗಳನ್ನು ಕೈಚೀಲಕ್ಕೆ ಹಾಕದೆ ದೊಡ್ಡ ಸೂಟ್‌ಕೇಸಿಗೆ ಹಾಕಿ. ಹೊಸ ರಾಡು ಕೊಳ್ಳುವುದಾದರೆ ಮುಂಚೆಯೇ ಅಳಿಯಂದಿರಿಗೆ ಹೇಳಿ ಮೂರು ತುಂಡಾಗುವಂಥದ್ದನ್ನು ಆರಿಸಿಕೊಳ್ಳಿ, ಅದು ದೊಡ್ಡ ಸೂಟ್‌ಕೇಸಿನಲ್ಲಿ ಮೂಲೆಯಿಂದ ಮೂಲೆಗೆ ಮಲಗಿಸಿದರೆ ಹಿಡಿಸುತ್ತದೆ.